ಕೇಳಿದವರಿಗೆಲ್ಲ ಕೊಟ್ಟ ಪಾಸ್‌ವರ್ಡ್

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಗುರುವನ್ನು ಸುತ್ತಲಿನ ಜನ ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ವಿರೂಪಾಕ್ಷ.

ಆಶ್ರಮಕ್ಕೆ ವೈಫೈ ಬಂದಾಗ ಅದರ ಉಸ್ತುವಾರಿ ವಿರೂಪಾಕ್ಷನ ಪಾಲಿಗೆ ಬಂತು. ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿದ್ದ ಪಾಸ್‌ವರ್ಡನ್ನೇ ಅವನು ಉಳಿಸಿಕೊಂಡ. ಅದೇ ವೈಫೈಗೆ ಸೇರಿಸಿದ್ದ ಅಂಗಳದ ಕ್ಯಾಮೆರಾಕ್ಕೂ ಅಂಗಡಿಯಿಂದ ಬಂದಾಗ ಇದ್ದ ಪಾಸ್‌ವರ್ಡೇ ಇತ್ತು. ದರ್ಶನಕ್ಕೆ ಬಂದವರು ವೈಫೈ ಕೇಳಿದರೆ ಸಂತೋಷದಿಂದ ಕೊಡುತ್ತಿದ್ದ.

"ಅವನ್ನ ಬದಲಿ ಮಾಡಬೇಕಂತಲ್ಲೋ," ಎಂದು ಅಜ್ಜಾರು ಒಮ್ಮೆ ಕೇಳಿದರು.

"ನಮ್ಮಲ್ಲಿ ಕದಿಯಾಕ ಏನೈತ್ರಿ ಅಜ್ಜಾರ?"



ಆ ವರ್ಷ ಶಾಂಭವಿ ಎಂಬ ಹೆಂಗಸು ಪುಟ್ಟ ಮಗಳನ್ನು ಎತ್ತಿಕೊಂಡು ಬಂದಳು. ಅವಳ ಎಡಗೈ ಮುರಿದಿತ್ತು. ಮುರಿದವನು ಗಂಡ. ಅಜ್ಜಾರು ಅಡುಗೆಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟರು.

"ನಾ ಇಲ್ಲಿರೋದು ಯಾರಿಗೂ ಗೊತ್ತಾಗಬಾರದ್ರಿ ಅಣ್ಣಾರ," ಎಂದಳು ವಿರೂಪಾಕ್ಷನಿಗೆ.

"ನನ್ನ ಬಾಯಿಂದ ಹೊರಡೂದಿಲ್ಲ ತಂಗಿ."

ಆ ಮಾತಿಗೆ ಅವನು ತಪ್ಪಲೂ ಇಲ್ಲ.

ಮೊದಮೊದಲು ಶಾಂಭವಿ ಕೋಣೆ ಬಿಟ್ಟು ಹೊರಬರುತ್ತಿರಲಿಲ್ಲ. ಕೈಯ ಕಟ್ಟು ಬಿಚ್ಚಿದ ಮೇಲೆ ಅಂಗಳದಲ್ಲಿ ಬಟ್ಟೆ ಹರವತೊಡಗಿದಳು. ಮಗಳು ವಿರೂಪಾಕ್ಷನನ್ನು ಮಾಮಾ ಎಂದು ಕರೆಯುತ್ತ ಅವನ ಹಿಂದೆಯೇ ತಿರುಗುತ್ತಿದ್ದಳು. ಆ ಕರೆಗೆ ಅವನ ಎದೆ ತುಂಬಿಬರುತ್ತಿತ್ತು.

ಒಂದು ದಿನ ಅಪರಿಚಿತ ಭಕ್ತನೊಬ್ಬ ಪ್ರಸಾದ ಉಂಡು ಕೈ ತೊಳೆದ.

"ಫೋನಿಗೆ ಸಿಗ್ನಲ್ ಇಲ್ರಿ ಸ್ವಾಮೇರ. ವೈಫೈ ಕೊಡ್ತೀರೇನು?"

ವಿರೂಪಾಕ್ಷ ಕೊಟ್ಟ. ಆಮೇಲೆ ಕಾಂಪೌಂಡ್ ಗೋಡೆಯಾಚೆ ಒಂದು ಕಾರು ಆಗಾಗ ಬಂದು ನಿಲ್ಲುತ್ತಿತ್ತು. ಅದನ್ನು ಕಂಡೂ ಅವನು ಏನೆಂದು ವಿಚಾರಿಸಲಿಲ್ಲ.

ಶಾಂಭವಿ ಕೋಣೆಯಲ್ಲಿದ್ದು ಮಗು ಅಂಗಳದಲ್ಲಿ ಒಂಟಿಯಾಗಿ ಆಡುತ್ತಿದ್ದ ಹೊತ್ತು ನೋಡಿ ಗಂಡ ಒಳಗೆ ಬಂದ. ಯಾರನ್ನೂ ಏನೂ ಕೇಳಲಿಲ್ಲ. ನೆಟ್ಟಗೆ ಹೋಗಿ ಮಗುವನ್ನು ಎತ್ತಿಕೊಂಡ.

"ಇವರು ಇಲ್ಲಿ ಅದಾರಂತ ನಿಮಗ ಯಾರು ಹೇಳಿದ್ರು?" ವಿರೂಪಾಕ್ಷ ಅಡ್ಡ ಬಂದ.

ಅವನು ತನ್ನ ಫೋನನ್ನು ವಿರೂಪಾಕ್ಷನ ಮುಖಕ್ಕೆ ಹಿಡಿದ. ಅದರಲ್ಲಿ ಆಶ್ರಮದ ಅಂಗಳ ಕಾಣುತ್ತಿತ್ತು. ಅಂಗಳದ ನಡುವೆ ನಿಂತವನ ಬೆನ್ನು ತನ್ನದೇ ಎಂದು ವಿರೂಪಾಕ್ಷನಿಗೆ ಗೊತ್ತಾಯಿತು.

"ಪ್ರಸಾದಕ್ಕ ಬಂದಾಂವ ನನ್ನ ದೋಸ್ತ. ವೈಫೈ ಪಾಸ್‌ವರ್ಡ್ ಕೊಟ್ಟಾಂವ ನೀನ. ಕ್ಯಾಮೆರಾದ್ದು ಅಂಗಡಿಯಿಂದ ಬಂದದ್ದ ಇತ್ತು," ಎಂದ ಗಂಡ.

ಮಗುವಿನ ಅಳು ಕೇಳಿ ಶಾಂಭವಿ ಓಡಿ ಬಂದಳು. ಅಜ್ಜಾರು ಗೋಡೆಯಾಚೆ ನಿಂತಿದ್ದ ಅವನ ಕಾರಿಗೆ ಅಡ್ಡ ನಿಂತರು.

"ದಾರಿ ಬಿಡ್ರಿ ಅಜ್ಜಾರ," ಎಂದಳು ಶಾಂಭವಿ. "ಕೂಸು ಅವನ ಕೈಯಾಗೈತಿ."

ಅವಳೇ ಹೋಗಿ ಕಾರಿನಲ್ಲಿ ಕುಳಿತಳು.

ಠಾಣೆಯಲ್ಲಿ ದೂರು ಬರೆಸಿದರು. ಪೊಲೀಸರು ಗಂಡನ ಊರಿಗೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ಎಲ್ಲಿ ಹೋದರೆಂಬುದು ಯಾರಿಗೂ ತಿಳಿಯಲಿಲ್ಲ.

ವಿರೂಪಾಕ್ಷ ವೈಫೈಗೆ ಯಾರೂ ಊಹಿಸಲಾಗದಂಥ ಪಾಸ್‌ವರ್ಡ್ ಇಟ್ಟ. ಕ್ಯಾಮೆರಾಕ್ಕೆ ಬೇರೆಯದನ್ನೇ ಇಟ್ಟ. ಗೇಟಿಗೆ ಬೀಗ ಹಾಕಿದ. ಅಜ್ಜಾರ ಮುಂದೆ ಬಂದು ಕುಳಿತ.

"ಕೇಳಿದವರಿಗೆ ಇಲ್ಲ ಅನಬ್ಯಾಡ ಅಂತ ನೀವ ಕಲಿಸಿದ್ರಿ."

"ನಿಂದು ಏನೈತಿ ಅದನ್ನ ಕೊಡು ಅಂದಿದ್ದೆ," ಎಂದರು ಅಜ್ಜಾರು. "ಆಕಿ ಗುಟ್ಟು ನಿಂದಾಗಿತ್ತೇನು?"

ವಿರೂಪಾಕ್ಷ ತಲೆ ತಗ್ಗಿಸಿದ. "ಏನರ ಶಿಕ್ಷಾ ಕೊಡ್ರಿ."

"ಶಿಕ್ಷಾ ಕೊಟ್ರ ನಿನಗ ಹಗುರ ಆಗ್ತೈತಿ."

ಅವರು ಎದ್ದು ನದಿಯ ಕಡೆ ನಡೆದರು. ಅವತ್ತಿನಿಂದ ಇಬ್ಬರ ನಡುವೆ ಮಾತು ಕಡಿಮೆಯಾಯಿತು.

ಚಳಿಗಾಲದ ಒಂದು ಮಧ್ಯಾಹ್ನ ಗೇಟಿನಾಚೆ ಇನ್ನೊಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲೊಂದು ಬಟ್ಟೆಯ ಗಂಟು. ತುಟಿ ಒಡೆದು ಬಾತುಕೊಂಡಿತ್ತು.

ವಿರೂಪಾಕ್ಷ ಬೀಗ ತೆಗೆಯದೆ ಅಜ್ಜಾರ ಬಳಿಗೆ ಓಡಿದ.

"ಆಕಿನ್ನ ಬ್ಯಾರೆ ಕಡೆ ಕಳಸೂಣ್ರಿ. ಇಲ್ಲಿ ಇಟಗೊಳ್ಳಾಕ ನನಗ ಧೈರ್ಯ ಇಲ್ಲ."

ಅಜ್ಜಾರು ಗೇಟಿನ ಕಡೆ ಕೈ ತೋರಿದರು.

"ಗೇಟ್ ತಗಿ. ಶಾಂಭವಿಗೆ ಏನಾತು ಅನ್ನೋದನ್ನ ನಿನ್ನ ಬಾಯಿಂದನ ಆಕಿಗೆ ಹೇಳು. ಕೇಳಿದ ಮ್ಯಾಲೂ ಒಳಗ ಬರ್ತೇನಿ ಅಂದ್ರ, ಕರಕೊಂಡು ಬಾ."