ನಾಯಿ ಕಲ್ಲು ಕಂಡಲ್ಲಿ ಕಾಲೆತ್ತುವುದೇಕೆ

ಬೆಟ್ಟಗಳು ಇನ್ನೂ ಮೆತ್ತಗಿದ್ದ ಕಾಲ ಅದು. ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಹೊಳೆಗೆ ದಾರಿ ಗೊತ್ತಿರಲಿಲ್ಲ. ಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿಗೆ ಕೆಲಸ ಕಡಿಮೆ, ಮಾತು ಜಾಸ್ತಿ.

ಆಗ ನಾಯಿಗಳು ಯಾರ ಮನೆಯಲ್ಲೂ ಇರಲಿಲ್ಲ. ತಮ್ಮ ಪಾಡಿಗೆ ತಿರುಗುತ್ತಿದ್ದವು. ಕಾಲೆತ್ತುತ್ತಲೂ ಇರಲಿಲ್ಲ. ಕುರಿಗಳ ಹಾಗೆ ನೆಲದ ಮೇಲೆ ಮುಗಿಸಿ ಹೋಗುತ್ತಿದ್ದವು.

ನಗಬೇಡ. ಕೇಳು.

ಕ್ಯಾತಯ್ಯ, ಚಿತ್ತವ್ವ ಅಂತ ಗಂಡಹೆಂಡತಿ. ಅವರಿಗೆ ಆರು ಕುರಿ. ಇಬ್ಬರೂ ಬೆಟ್ಟದ ಹತ್ತಿರ ಹೋದರು.

“ಬೆಟ್ಟಪ್ಪ, ಇರೋಕೆ ಒಂದಿಷ್ಟು ಜಾಗ ಕೊಡು.”

“ಕುರಿ ಎಷ್ಟು?” ಅಂದಿತು ಬೆಟ್ಟ.

“ಆರು.”

“ಆರು ಕುರಿಗೆ ಎಷ್ಟು ಬೇಕು? ಆ ಕಾರೆಗಿಡದಿಂದ ಈ ಹುತ್ತದವರೆಗೆ ಇಟ್ಟುಕೊಳ್ಳಿ. ಆಚೆ ಕಾಲಿಡಬೇಡಿ. ಬೇರೆಯವರೂ ಕೇಳಿಕೊಂಡು ಬರ್ತಾರೆ.”

ಚಿಕ್ಕ ಜಾಗ. ಈ ತುದಿಯಲ್ಲಿ ಸೀನಿದರೆ ಆ ತುದಿಯ ಕುರಿ ತಲೆ ಎತ್ತುತ್ತಿತ್ತು. ನಡುವೆ ಒಂದು ಗುಡಿಸಲು. ಗುಡಿಸಲಿನ ಪಕ್ಕ ಕಾರೆಮುಳ್ಳಿನ ಬೇಲಿ ಹಾಕಿ ಕುರಿಗೆ ರೊಪ್ಪ ಮಾಡಿದರು. ಸುತ್ತ ಹುಲ್ಲು. ಅಷ್ಟೇ.

ಚಿತ್ತವ್ವ ಬಸುರಿ. ಮಾಗಿಗೆ ಕೂಸು ಬರುವುದಿತ್ತು. ಮಾಗಿಯೂ ಆಗ ಹೊಸದು. ಎಷ್ಟು ಚಳಿ ಮಾಡಬೇಕೆಂಬ ಅಂದಾಜು ಅದಕ್ಕಿರಲಿಲ್ಲ. ಕೂಸನ್ನು ಸುತ್ತಲು ಕಂಬಳಿ ಬೇಕು. ಒಂದು ಕಂಬಳಿಗೆ ನಾಲ್ಕು ಕುರಿಯ ಉಣ್ಣೆ ಬೇಕು. ಕಂಬಳಿ ಇಲ್ಲದಿದ್ದರೆ ಕೂಸು ಉಳಿಯುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಉಣ್ಣೆ ಇನ್ನೂ ಬೆಳೆಯಬೇಕಿತ್ತು.

ಬೆಟ್ಟದ ಹಿಂದೆ ತೋಳ ಇತ್ತು. ತೋಳಕ್ಕೂ ಹೆಂಡತಿ ಇದ್ದಳು.

“ಕಾಯೋಕೆ ನಾಯಿ ಬೇಕು,” ಅಂದಳು ಚಿತ್ತವ್ವ.

ಕ್ಯಾತಯ್ಯ ಗಾಳಿಗೆ ಹೇಳಿದ. ಗಾಳಿ ಊರೆಲ್ಲ ಹೇಳಿತು.

ಮೊದಲು ಒಂದು ಬೇಟೆನಾಯಿ ಬಂತು. ಉದ್ದ ಕಾಲು, ಒಳಹೋದ ಹೊಟ್ಟೆ.

“ತೋಳ ಬಂದರೆ ಎಷ್ಟು ದೂರ ಅಟ್ಟುತ್ತೀಯ?” ಕ್ಯಾತಯ್ಯ ಕೇಳಿದ.

“ಮೂರು ಬೆಟ್ಟದ ಆಚೆ.”

ಕ್ಯಾತಯ್ಯ ತೊಡೆ ತಟ್ಟಿದ. “ನಾಯಿ ಅಂದರೆ ಇದು! ಇರು ಇಲ್ಲೇ.”

ಮರುದಿನ ತೋಳ ಬಂದು ಹುತ್ತದ ಹತ್ತಿರ ನಿಂತಿತು. ಬೇಟೆನಾಯಿ ಜಿಗಿಯಿತು. ತೋಳ ಓಡಿತು. ನಾಯಿ ಅಟ್ಟಿತು. ಒಂದು ಬೆಟ್ಟ ದಾಟಿತು, ಇನ್ನೊಂದು ದಾಟಿತು, ಮತ್ತೊಂದು ದಾಟಿತು. ಅಷ್ಟರಲ್ಲಿ ಹೆಣ್ಣುತೋಳ ಹಿಂದಿನಿಂದ ರೊಪ್ಪಕ್ಕೆ ಬಂದಳು. ಒಂದು ಕುರಿ ಹೊತ್ತು ಹೋದಳು.

ಸಂಜೆ ಬೇಟೆನಾಯಿ ನಾಲಿಗೆ ನೇತುಹಾಕಿಕೊಂಡು ಬಂತು. “ನನ್ನ ಓಟ ನೋಡಿದಿರಾ?”

“ನೋಡಿದೆವು,” ಅಂದಳು ಚಿತ್ತವ್ವ. “ಓಟ ಚೆನ್ನಾಗಿತ್ತು. ಕುರಿ ಹೇಗಿತ್ತು ಅಂತ ತೋಳನ ಹೆಂಡತಿಯನ್ನ ಕೇಳು.”

ಬೇಟೆನಾಯಿ ಹೋಯಿತು. ಕುರಿ ಐದಾದವು.

ಆಮೇಲೆ ಒಂದು ದೊಡ್ಡ ನಾಯಿ ಬಂತು. ಎಳೆಗರುವಿನಷ್ಟು ಎತ್ತರ. ಬೊಗಳಿದರೆ ಬೆಟ್ಟ ಕಿವಿ ಮುಚ್ಚಿಕೊಳ್ಳುತ್ತಿತ್ತು.

“ಎಷ್ಟು ದೂರ ಅಟ್ಟುತ್ತೀಯ?” ಕ್ಯಾತಯ್ಯ ಕೇಳಿದ.

“ಅಟ್ಟೋದೇನು ಬಂತು? ನಾನಿರೋ ಸೀಮೆಗೇ ತೋಳ ಬರಲ್ಲ.”

ಕ್ಯಾತಯ್ಯ ಮತ್ತೆ ತೊಡೆ ತಟ್ಟಿದ. “ನಾಯಿ ಅಂದರೆ ಇದು! ಇರು ಇಲ್ಲೇ.”

ದೊಡ್ಡ ನಾಯಿ ಸುತ್ತ ನೋಡಿತು. “ನಿಮ್ಮ ಜಾಗ ಎಲ್ಲಿ?”

“ಇದೇ.”

“ಇದು ಅಂಗಳ. ಜಾಗ ಎಲ್ಲಿ?”

“ಇಷ್ಟೇ ಕಣಪ್ಪ.”

“ನಾನು ಮಲಗಿದರೆ ಬಾಲ ಆಚೆ ಇರುತ್ತೆ!”

ಹಾಗೆಯೇ ಆಯಿತು. ಅಷ್ಟು ಚಿಕ್ಕ ಜಾಗದಲ್ಲಿ ಅದಕ್ಕೆ ಬೇಸರ ಬಂತು. ಗಂಡಹೆಂಡತಿಯ ಪಾಲಿನ ಮುದ್ದೆಯನ್ನೂ ತಿಂದು, ಹೊಳೆ ಕಾಯಲು ಹೋಯಿತು. ಹೊಳೆ ಆದಮೇಲೆ ಕಾಡು. ಕಾಡು ಆದಮೇಲೆ ಆಚೆ ದಂಡೆ. ಆಚೆ ದಂಡೆಯ ಪೋತಯ್ಯನ ಎತ್ತುಗಳನ್ನು ಬೆದರಿಸಿ ಓಡಿಸಿತು. ಪೋತಯ್ಯ ದೊಣ್ಣೆ ಹಿಡಿದು ಬಂದ.

“ಏನಯ್ಯ ಕ್ಯಾತ, ಆರು ಕುರಿ ಕಾಯೋಕೆ ಆನೆ ಸಾಕಿದೀಯಲ್ಲ!”

“ಐದು,” ಅಂದ ಕ್ಯಾತಯ್ಯ ತಲೆ ತಗ್ಗಿಸಿ.

“ನಾಲ್ಕು,” ಅಂದಳು ಚಿತ್ತವ್ವ ರೊಪ್ಪದಿಂದ. ಇವರು ಮಾತಾಡುತ್ತಿದ್ದಾಗಲೇ ಹೆಣ್ಣುತೋಳ ಬಂದು ಹೋಗಿದ್ದಳು.

ದೊಡ್ಡ ನಾಯಿಯನ್ನೂ ಕಳಿಸಿದರು. ಅದು ಕೋಪ ಮಾಡಿಕೊಳ್ಳಲಿಲ್ಲ. ದೊಡ್ಡ ಹಿಂಡಿನವರನ್ನು ಹುಡುಕಿಕೊಂಡು ಹೋಯಿತು. ಅಲ್ಲಿ ಸುಖವಾಗಿತ್ತಂತೆ.

ಉಳಿದವು ನಾಲ್ಕು ಕುರಿ. ಇನ್ನೊಂದು ಹೋದರೆ ಕಂಬಳಿ ಇಲ್ಲ.

ಚಿತ್ತವ್ವ ಅವತ್ತು ಉಣ್ಣಲಿಲ್ಲ. ಬೇಲಿಗೆ ಮುಳ್ಳು ತುರುಕುತ್ತ ಕೂತಳು. ಕ್ಯಾತಯ್ಯ ಅವಳ ಪಕ್ಕ ಕೂತು ಮುಳ್ಳು ಎತ್ತಿ ಕೊಟ್ಟ.

ಆಗ ಒಂದು ಬೂದಿಬಣ್ಣದ ನಾಯಿ ಬಂತು. ದೊಡ್ಡದಲ್ಲ, ಚಿಕ್ಕದಲ್ಲ. ಒಂದು ಕಿವಿ ಹರಿದಿತ್ತು. ದೂರದಲ್ಲೇ ಕೂತಿತು.

ಕ್ಯಾತಯ್ಯ ಕೇಳಿದ, “ಎಷ್ಟು ದೂರ ಅಟ್ಟುತ್ತೀಯ?”

“ದೂರ ಯಾಕೆ? ಕುರಿ ಇರೋದು ಇಲ್ಲಿ.”

“ಸೋಮಾರಿ ಇದು,” ಅಂದ ಕ್ಯಾತಯ್ಯ.

“ಎರಡು ಸಲ ನೀನು ಆರಿಸಿದೆ,” ಅಂದಳು ಚಿತ್ತವ್ವ. “ಈ ಸಲ ಕುರಿ ಆರಿಸಲಿ.”

ಆ ನಾಯಿಯನ್ನು ಬೂದ ಅಂತ ಕರೆದು ರೊಪ್ಪದೊಳಗೆ ಬಿಟ್ಟಳು. ಬೂದ ಕುರಿಗಳನ್ನು ದಿಟ್ಟಿಸಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ ಮೆಲ್ಲಗೆ ನಡೆಯಿತು. ಮೂಲೆಯಲ್ಲಿ ಮಲಗಿತು. ಹಿರಿಕುರಿ ಬಂದು ಕಾಲು ಬಡಿಯಿತು. ಬೂದ ಏಳಲಿಲ್ಲ. ಹಿರಿಕುರಿ ಮೂಸಿತು. ಹರಿದ ಕಿವಿ ನೋಡಿತು. ಆಮೇಲೆ ಅದರ ಪಕ್ಕದಲ್ಲೇ ಮಂಡಿಯೂರಿ ಮಲಗಿ ಮೆಲುಕು ಹಾಕತೊಡಗಿತು.

“ಹೆದರಿಕೆಯಲ್ಲಿ ಮೆಲುಕು ಬರಲ್ಲ,” ಅಂದಿತು ಹಿರಿಕುರಿ. “ಇವನ ಪಕ್ಕ ಬರುತ್ತೆ. ಇರಲಿ ಇವನು.”

ಕುರಿಯವರು ಇವತ್ತಿಗೂ ಹಾಗೇ ನೋಡುವುದು. ನಾಯಿ ಪಕ್ಕದಲ್ಲಿ ಕುರಿ ಮೆಲುಕು ಹಾಕಬೇಕು. ಉಳಿದದ್ದೆಲ್ಲ ಆಮೇಲೆ.

ಬೂದ ಹೇಳಿತು, “ಚಿತ್ತವ್ವ, ನನ್ನದೊಂದು ದೋಷ ಇದೆ. ತೋಳ ಓಡಿದರೆ ನನ್ನ ಕಾಲು ನನ್ನ ಮಾತು ಕೇಳಲ್ಲ. ಎಲ್ಲಿ ನಿಲ್ಲಬೇಕು ಅಂತ ತಿಳಿಯಲ್ಲ. ನಿಮ್ಮ ಜಾಗ ಎಲ್ಲಿವರೆಗೆ ಅಂತ ತೋರಿಸು.”

ಗಂಡಹೆಂಡತಿ ಜಾಗದ ಸುತ್ತ ಕಲ್ಲು ನೆಟ್ಟರು. ಚಿತ್ತವ್ವ ಬೆಳಿಗ್ಗೆ ಬೂದನನ್ನು ಕಲ್ಲಿನಿಂದ ಕಲ್ಲಿಗೆ ನಡೆಸಿದಳು. ಸಂಜೆಯೂ ನಡೆಸಿದಳು. “ಇಲ್ಲಿವರೆಗೆ ನಮ್ಮದು. ಇಲ್ಲಿವರೆಗೆ ನಮ್ಮದು.” ಬೂದ ತಲೆಯಾಡಿಸಿತು.

ಒಂದು ಮಧ್ಯಾಹ್ನ ತೋಳ ಬಂತು. ಬೂದ ಅಟ್ಟಿತು. ಕಲ್ಲು ಹುಡುಕಿತು. ಆದರೆ ಬೆಟ್ಟದ ತಪ್ಪಲು ಪೂರ್ತಿ ಕಲ್ಲೇ. ಯಾವುದು ನೆಟ್ಟದ್ದು, ಯಾವುದು ಬಿದ್ದದ್ದು? ನಾಯಿಯ ಕಣ್ಣಿಗೆ ಎಲ್ಲ ಒಂದೇ. ಓಡಿತು, ಓಡಿತು, ಓಡುತ್ತಲೇ ಇತ್ತು.

ರೊಪ್ಪದಲ್ಲಿ ಹಿರಿಕುರಿ ಗಂಟಲು ಹರಿಯುವಂತೆ ಅರಚಿತು. ಬೂದನಿಗೆ ಕೇಳಿಸಿತು. ತಿರುಗಿ ಬಂತು. ಹೆಣ್ಣುತೋಳ ಹಿರಿಕುರಿಯ ಬೆನ್ನಿಗೆ ಬಾಯಿ ಹಾಕಿದ್ದಳು. ಬೂದನನ್ನು ಕಂಡು ಬಿಟ್ಟು ಓಡಿದಳು. ಬಾಯಲ್ಲಿ ಒಂದು ಹಿಡಿ ಉಣ್ಣೆ ಮಾತ್ರ ಸಿಕ್ಕಿತ್ತು.

ಬೂದ ಮುದ್ದೆ ಮುಟ್ಟಲಿಲ್ಲ. ಕಲ್ಲಿನ ಪಕ್ಕ ಹೋಗಿ ಮಲಗಿತು.

ಗಾಳಿ ಬಂತು. “ಯಾಕೋ, ಬಾಲ ಮಡಚಿದೀಯ?”

“ಕಲ್ಲು ಗುರುತು ಸಿಗಲಿಲ್ಲ.”

“ಕಣ್ಣಲ್ಲಿ ಹುಡುಕಿದರೆ ಸಿಗುತ್ತಾ? ನಿನಗೆ ಅಷ್ಟುದ್ದ ಮೂಗು ಇರೋದು ಯಾಕೆ? ಕಲ್ಲಿಗೆ ವಾಸನೆ ಹಾಕು. ವಾಸನೆ ಮುಟ್ಟಿಸೋ ಕೆಲಸ ನನ್ನದು.”

“ನನ್ನ ಹತ್ತಿರ ಯಾವ ವಾಸನೆ ಇದೆ?”

ಗಾಳಿ ನಕ್ಕಿತು. “ಬೆಳಿಗ್ಗೆ ಎದ್ದ ಕೂಡಲೆ ಪೊದೆ ಹಿಂದೆ ಹೋಗ್ತೀಯಲ್ಲ, ಅದು ಹೂವಿನ ವಾಸನೆ ಏನು?”

ಬೂದನಿಗೆ ನಾಚಿಕೆಯಾಯಿತು. ಆದರೂ ಎದ್ದಿತು. ಮೊದಲ ಕಲ್ಲಿನ ಬುಡದಲ್ಲಿ ಕೂತು ಎಲ್ಲ ಸುರಿಯಿತು. ಎರಡನೆಯ ಕಲ್ಲಿಗೆ ಹೋದಾಗ ಏನೂ ಉಳಿದಿರಲಿಲ್ಲ.

ಚಿತ್ತವ್ವ ನೋಡುತ್ತಿದ್ದಳು. “ಅಯ್ಯೋ ಮಂಕೆ! ಸಾರು ಬಡಿಸೋವಾಗ ಮೊದಲ ತಟ್ಟೆಗೇ ಮಡಕೆ ಬಗ್ಗಿಸ್ತಾರೇನು? ಎಲ್ಲದಕ್ಕೂ ಸ್ವಲ್ಪ ಸ್ವಲ್ಪ.”

ಬೂದ ಹೊಟ್ಟೆ ತುಂಬ ನೀರು ಕುಡಿದು ಬಂತು. ಎಲ್ಲ ಕಲ್ಲಿಗೂ ಸ್ವಲ್ಪ ಸ್ವಲ್ಪ. ಆದರೆ ಬುಡಕ್ಕೆ ಬಿದ್ದದ್ದನ್ನು ಮಣ್ಣು ಕುಡಿಯಿತು. ಧೂಳು ಮುಚ್ಚಿತು.

“ಮೇಲೆ ಹಾಕೋ,” ಅಂದಿತು ಗಾಳಿ. “ತೋಳನ ಮೂಗು ಎಷ್ಟು ಎತ್ತರ ಇದೆಯೋ ಅಷ್ಟು ಎತ್ತರ. ನೆಲದಲ್ಲಿ ಬಿದ್ದಿದ್ದನ್ನ ನಾನು ಹೇಗೆ ಎತ್ತಲಿ?”

ಬೂದ ಯೋಚಿಸಿತು. ಒಂದು ಹಿಂಗಾಲು ಎತ್ತಿತು. ದೊಪ್ಪನೆ ಬಿತ್ತು.

ಹಿರಿಕುರಿ ರೊಪ್ಪದಿಂದ ಕೂಗಿತು, “ಏನ್ ಬೂದಣ್ಣ, ಕುಣಿತ ಕಲೀತಿದೀಯಾ?”

ಬೂದ ಎದ್ದಿತು. ಮತ್ತೆ ಎತ್ತಿತು. ಮತ್ತೆ ಬಿತ್ತು. ಮತ್ತೆ ಎತ್ತಿತು. ಈ ಸಲ ನಿಂತಿತು.

ಹೊತ್ತು ಮುಳುಗುವಷ್ಟರಲ್ಲಿ ಎಲ್ಲ ಕಲ್ಲೂ ಮುಗಿದಿದ್ದವು.

ಮಾಗಿ ಹತ್ತಿರವಾಯಿತು. ಉಣ್ಣೆ ಕೈತುಂಬ ಬೆಳೆದಿತ್ತು. ನಾಳೆ ಕತ್ತರಿಸುವುದು ಅಂತ ಕ್ಯಾತಯ್ಯ ಕತ್ತರಿ ಮಸೆಯುತ್ತ ಕೂತಿದ್ದ. ಆಗ ತೋಳ ಹುತ್ತದ ಹತ್ತಿರ ಬಂದು ನಿಂತಿತು.

ಬೂದ ಜಿಗಿಯಿತು. ತೋಳ ಓಡಿತು. ಬೂದ ಅಟ್ಟಿತು.

ಕ್ಯಾತಯ್ಯನ ಕೈಯಿಂದ ಕತ್ತರಿ ಬಿತ್ತು. ಚಿತ್ತವ್ವ ಹೊಟ್ಟೆ ಹಿಡಿದುಕೊಂಡು ಎದ್ದಳು.

ಬೂದ ಓಡುತ್ತಿತ್ತು. ಗಾಳಿ ಎದುರಿನಿಂದ ಬೀಸಿತು. ವಾಸನೆ ಮೂಗಿಗೆ ಬಡಿಯಿತು. ತನ್ನದೇ ವಾಸನೆ. ನಾಲ್ಕೂ ಕಾಲು ನೆಲಕ್ಕೆ ಊರಿ, ಕಲ್ಲಿನ ಪಕ್ಕ ಬೂದ ನಿಂತುಬಿಟ್ಟಿತು.

ತೋಳ ಸ್ವಲ್ಪ ದೂರ ಹೋಗಿ ತಿರುಗಿ ನೋಡಿತು. “ಬಾರೋ! ಹೆದರಿದೆಯಾ? ಸೋಮಾರಿ! ಕುರಿಗಳ ಮಗನೆ!”

“ಈ ಕಲ್ಲಿನಾಚೆ ನೀನು ಯಾರೋ, ನಾನು ಯಾರೋ,” ಅಂದಿತು ಬೂದ.

ತಿರುಗಿತು. ಒಂದೇ ಉಸಿರಿಗೆ ರೊಪ್ಪ ಮುಟ್ಟಿತು. ಜಾಗ ಚಿಕ್ಕದಲ್ಲವೆ, ಬೇಗ ಮುಟ್ಟಿತು. ಹೆಣ್ಣುತೋಳ ಬೇಲಿ ಹತ್ತುತ್ತಿದ್ದಳು. ಮುಂಗಾಲು ಒಳಗೆ, ಹಿಂಗಾಲು ಹೊರಗೆ. ಬೂದ ಹಿಂಗಾಲು ಹಿಡಿದು ಎಳೆಯಿತು. ಕಾರೆಮುಳ್ಳು ಅವಳ ಹೊಟ್ಟೆ ಗೀರಿತು. ಅವಳು ಊಳಿಡುತ್ತ ಹೋದದ್ದನ್ನು ಹೊಳೆಯಾಚೆ ಪೋತಯ್ಯನೂ ಕೇಳಿಸಿಕೊಂಡ.

ನಾಲ್ಕು ಕುರಿ ನಾಲ್ಕೂ ಇದ್ದವು.

ಉಣ್ಣೆ ಕತ್ತರಿಸಿದರು. ನೂಲು ತೆಗೆದರು. ಕಂಬಳಿ ನೇಯ್ದರು. ಮಾಗಿ ಬಂತು. ಬೆಟ್ಟ ಕೂಡ ನಡುಗಿತು. ಕೂಸು ಹುಟ್ಟಿತು. ಕಂಬಳಿಯಲ್ಲಿ ಸುತ್ತಿದರು. ಕೂಸು ಬೆಚ್ಚಗೆ ಮಲಗಿತು.

ಕ್ಯಾತಯ್ಯ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಬೂದನ ಮುಂದಿಟ್ಟ. ತೊಡೆ ತಟ್ಟಲಿಲ್ಲ. “ತಿನ್ನು,” ಅಂದ. ಅಷ್ಟೇ.

ತೋಳ ಮತ್ತೆ ಬಂದಾಗ ಕಲ್ಲಿನ ಹತ್ತಿರ ಮೂಸಿತು. ಒಂದು ಕಲ್ಲು ಮೂಸಿತು, ಇನ್ನೊಂದು ಮೂಸಿತು. ಒಳಗೆ ಯಾರಿದ್ದಾರೆ ಅಂತ ತಿಳಿಯಿತು. ಸುತ್ತುಹಾಕಿ ಬೇರೆ ದಾರಿ ಹಿಡಿಯಿತು. ಬೇರೆ ನಾಯಿಗಳು ಇದನ್ನು ನೋಡಿದವು. ಬೇಟೆನಾಯಿ ಕಲಿಯಿತು. ದೊಡ್ಡ ನಾಯಿಯೂ ಕಲಿಯಿತು. ಅವುಗಳ ಮರಿಗಳು ಕಲಿತವು. ಮರಿಗಳ ಮರಿಗಳು ಕಲಿತವು.

ಅದಕ್ಕೇ ಮಗು, ನಮ್ಮ ಬೀದಿಯ ನಾಯಿ ಬೆಳಿಗ್ಗೆ ಎದ್ದು ಕರೆಂಟ್ ಕಂಬಕ್ಕೆ ಸ್ವಲ್ಪ, ಶಾಲೆ ಗೋಡೆಗೆ ಸ್ವಲ್ಪ, ನನ್ನ ಸೈಕಲ್ ಚಕ್ರಕ್ಕೂ ಸ್ವಲ್ಪ ಕಾಲೆತ್ತಿ ಹೋಗುವುದು. ಕಲ್ಲು ಹೊಡೆಯಬೇಡ, ಎಲ್ಲಿವರೆಗೆ ನಿನ್ನನ್ನು ಕಾಯಬೇಕು ಅಂತ ಅದು ಗುರುತು ಹಾಕಿಕೊಳ್ಳುತ್ತಿದೆ.