ಬಾಳವ್ವನ ದವಡೆಯ ತಿರುಪು

ಹೊಳೆದಂಡೆಯ ಆಶ್ರಮ. ಕೃಷ್ಣಾ ಹೊಳೆ ಅನ್ನುವವರಿದ್ದಾರೆ, ತುಂಗಭದ್ರೆ ಅಂದರೂ ಜಗಳವಿಲ್ಲ. ಅಲ್ಲೊಂದು ಹಲ್ಲಿನ ವೈದ್ಯರ ಕುರ್ಚಿ. ಅಡವಯ್ಯ ಗುರುಗಳು ಅದರಲ್ಲೇ ಧ್ಯಾನಕ್ಕೆ ಕೂರುತ್ತಿದ್ದರು. ರೋಗಿ ಬಂದರೆ ಎದ್ದು ಜಾಗ ಬಿಟ್ಟು ಹಲ್ಲು ನೋಡುತ್ತಿದ್ದರು.

ಶಿಷ್ಯ ಫಕೀರೇಶ ಮೊದಲ ಸಲ ತಾನೇ ಒಂದು ಇಂಪ್ಲಾಂಟ್ ಕೂರಿಸಿದ್ದ. ಹರಿಗೋಲು ನಡೆಸುವ ಬಾಳವ್ವನ ದವಡೆ ಎಲುಬಿಗೆ ಟೈಟೇನಿಯಂ ತಿರುಪು. ಅದು ಭದ್ರವಾದ ಮೇಲೆ ಹಲ್ಲು.

"ಈ ಹಲ್ಲಿಲೆ ಕಬ್ಬು ತಿಂದಽ ತಿಂತೀನಿ" ಎಂದು ಬಾಳವ್ವ ಹಟ ತೊಟ್ಟಿದ್ದಳು.

ಭದ್ರತೆಯನ್ನು ಅಂಕಿಯಲ್ಲಿ ಹೇಳುವ ಪುಟ್ಟ ಮೀಟರ್ ಫಕೀರೇಶನ ಬಳಿ ಇತ್ತು. ಕೂರಿಸಿದ ದಿನ ಎಪ್ಪತ್ತೆರಡು. ಕೆಲವು ವಾರ ಬಿಟ್ಟು ಅಳೆದರೆ ಅರವತ್ತನಾಲ್ಕು! ಅವನು ಗುರುಗಳನ್ನು ಕೂಗಿ ಕರೆದ.

"ಅಪ್ಪಾರ, ತಿರುಪು ಸಡಲಾಗಾಕತ್ತೈತಿ. ಇವತ್ತಽ ತೆಗದಬಿಡ್ತೀನಿ."

"ನೋವೈತೇನಬೇ ಬಾಳವ್ವ?"

"ಇಲ್ರಿ ಅಪ್ಪಾರ. ಇಂವ ಕಿತ್ತಾ ಅಂದ್ರ ನಡುಹೊಳ್ಯಾಗ ಇಳಿಸ್ತೀನಿ ನೋಡ್ರಿ."

ಗುರುಗಳು ಒಸಡು ನೋಡಿದರು. ಬಾವಿಲ್ಲ, ಕೀವಿಲ್ಲ. ಹಲ್ಲು ನೋಡುವ ಕನ್ನಡಿಯ ಹಿಡಿಯಿಂದ ತಿರುಪನ್ನು ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಅಲ್ಲಾಡಲಿಲ್ಲ.

ಆಮೇಲೆ ಮೀಟರಿನ ಸೆಲ್ ಬಿಚ್ಚಿ ತಮ್ಮ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು.

"ಮಳಿಗಾಲ ಮುಗೀಲಿ. ಆ ಕಡೆ ಹಲ್ಲಿಗೆ ಕೆಲಸ ಕೊಡಬ್ಯಾಡವಾ."

ದಿನಾ ಬೆಳಗಾದರೆ ಫಕೀರೇಶನದು ಒಂದೇ ರಗಳೆ. "ಅಪ್ಪಾರ, ಸೆಲ್ ಕೊಡ್ರಿ."

"ಎಲಿ ಜೋಡಿ ಅಗದಬಿಟ್ಟೆ ಕಾಣ್ತೈತಿ, ತಮ್ಮಾ."

ಮಳೆಗಾಲ ಮುಗಿಯಿತು. ಸುಣ್ಣ ಮೆತ್ತಿದ ಸೆಲ್ ಹೊರಗೆ ಬಂತು. ಫಕೀರೇಶ ಅದನ್ನು ಒರೆಸಿ ಮೀಟರಿಗೆ ಹಾಕಿ ಅಳೆದ.

ಎಪ್ಪತ್ತೆಂಟು.

ಹಲ್ಲು ಕೂತಿತು. ಬಾಳವ್ವ ಹೊಸಿಲಲ್ಲೇ ಕುಕ್ಕರಿಸಿ ಕಬ್ಬಿನ ತುಂಡು ಅಗಿಯತೊಡಗಿದಳು.

"ನಡುವ ಅಂಕಿ ಯಾಕ ಇಳೀತ್ರಿ, ಅಪ್ಪಾರ?" ಫಕೀರೇಶ ಕೇಳಿದ.

"ಮೊದಲನೇ ದಿನದ ಬಿಗಿ ತಿರುಪಿಂದು. ಅದು ಸಡಲಾಗಿ, ಹೊಸಾ ಎಲುಬು ಬೆಳದು ಹಿಡೀಬೇಕು."

"ಇದನ್ನ ಆವತ್ತಽ ಹೇಳಬಹುದಿತ್ತಲ್ಲರಿ?"

"ಹೇಳಿದ್ರ ನೀ ಕೇಳಾಂವಲ್ಲ. ಇಲ್ಲಿಗೆ ಬಂದ ವರ್ಷ ಗಂಟು ಕಟಗೊಂಡು ಹೊಳಿ ದಾಟಾಕ ಓಡಿದ್ಯಲ್ಲಾ, ನೆನಪೈತೇನು?"

ಫಕೀರೇಶ ತಲೆ ತಗ್ಗಿಸಿದ. ಆ ಸಂಗತಿ ಗುರುಗಳಿಗೆ ಗೊತ್ತಿಲ್ಲ ಎಂದುಕೊಂಡಿದ್ದ.

"ಹರಿಗೋಲಿಗೆ ತೂತ ಬಿದ್ದೈತಿ ಅಂದ್ಲು ಬಾಳವ್ವ. ಅದಕ್ಕಽ ನಾ ತಿರುಗಿ ಬಂದೆ."

ಬಾಳವ್ವ ಕಬ್ಬು ಅಗಿಯುತ್ತಾ ಹೊಳೆಯ ಕಡೆ ಮುಖ ತಿರುಗಿಸಿದಳು.

ಗುರುಗಳು ಎಲೆಗೆ ಸುಣ್ಣ ಹಚ್ಚಿದರು.

"ಆವತ್ತ ಹರಿಗೋಲಿಗೆ ತೂತ ಇರಲಿಲ್ಲೋ, ತಮ್ಮಾ."