ಪಥ್ಯವಿಲ್ಲದ ಪುಡಿ

ಹೊಳೆದಂಡೆಯಲ್ಲಿ ಬೊಮ್ಮರಸ ಪಂಡಿತರ ಆಶ್ರಮ. ವೈದ್ಯ ಕಲಿಯಲು ಬಂದವರಿಗೆ ಅಲ್ಲೊಂದು ಕಟ್ಟಳೆಯಿತ್ತು: ರೋಗಿಗೆ ಯಾವ ಪಥ್ಯ ಹೇಳುತ್ತೀಯೋ, ಅವರಿಗೆ ವಾಸಿಯಾಗುವವರೆಗೆ ನೀನೂ ಅದನ್ನೇ ಉಣ್ಣಬೇಕು.

ಶಿಷ್ಯ ದೇಮಣ್ಣನಿಗೆ ಇದೊಂದೇ ಪೀಕಲಾಟ. ಹುಡುಗನ ಬುದ್ಧಿಯೇನೋ ಚುರುಕು, ಆದರೆ ಬಾಯಿಚಪಲ ಅದಕ್ಕಿಂತ ಹೆಚ್ಚು. ಉಪ್ಪಿಲ್ಲದ ಗಂಜಿ ಕಂಡರೆ ಅವನಿಗೇ ಜ್ವರ ಬರುತ್ತಿತ್ತು.

ಗುರುಗಳು ಪರವೂರಿಗೆ ಹೋದದ್ದೇ ತಡ, ಹುರಿದ ರಾಗಿಹಿಟ್ಟಿಗೆ ಅರಿಶಿನ ಬೆರೆಸಿ ಪೊಟ್ಟಣ ಕಟ್ಟಿದ. ದೋಣಿ ನಿಲ್ಲುವಲ್ಲಿ ನಿಂತು ಸಾರಿದ.

"ಸಕಲ ರೋಗಕ್ಕೂ ಒಂದೇ ಪುಡಿ. ಪಥ್ಯವಿಲ್ಲ. ಏನು ಬೇಕಾದರೂ ತಿನ್ನಿ."

ಪಥ್ಯವಿಲ್ಲ ಅಂದರೆ ಯಾರಿಗೆ ಬೇಡ ಹೇಳಿ? ಜನ ಮುಗಿಬಿದ್ದರು. ನೆಗಡಿಯವನ ನೆಗಡಿ ತಾನಾಗಿ ಹೋಯಿತು, ಅವನು ಊರೆಲ್ಲ ಡಂಗುರ ಹೊಡೆದ. ಗುಣವಾಗದವರು ನಮ್ಮ ಹಣೆಬರಹ ಅಂದುಕೊಂಡು ಮನೆಯಲ್ಲೇ ಉಳಿದರು. ದೇಮಣ್ಣ ಬೀಗಿದ್ದೇ ಬೀಗಿದ್ದು.

ಪಂಡಿತರು ಹಿಂತಿರುಗಿದಾಗ ಅಂಬಿಗನ ಹೆಂಡತಿ ಹೊನ್ನಕ್ಕ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು. ಹೊಟ್ಟೆಹುಣ್ಣಿಗೆ ಅವರ ಕಷಾಯ ಕುಡಿಯುತ್ತಿದ್ದವಳು ಅದನ್ನು ಬಿಟ್ಟು, ಪುಡಿ ನೆಕ್ಕಿ, ಮೆಣಸಿನಕಾಯಿ ಚಟ್ನಿ ತಿಂದಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬದುಕ್ತಾಳಾ ಗುರುಗಳೇ?" ದೇಮಣ್ಣ ಓಡಿಬಂದು ಕೇಳಿದ.

"ಕಷಾಯ ನಾನು ಕೊಡ್ತೀನಿ. ಪುಡಿ ಕೊಟ್ಟವನು ನೀನು. ಅವಳ ಪಕ್ಕ ಕೂತು ಗಂಜಿ ಉಣ್ಣು."

"ನಾನು ಪಥ್ಯವೇ ಇಲ್ಲ ಅಂದಿದ್ದೆನಲ್ಲ..."

"ಅವಳಿಗಿಲ್ಲ ಅಂದದ್ದು ಈಗ ಇಬ್ಬರಿಗೂ ಬಂತು."

ಇಬ್ಬರೂ ಉಂಡರು. ಹೊನ್ನಕ್ಕ ಮೂತಿ ಸೊಟ್ಟಗೆ ಮಾಡಿದಳು.

"ಇದನ್ನ ದನಾನೂ ಮೂಸಲ್ಲ ಕಣಪ್ಪ."

"ನಾನು ಮೂಸ್ತಾ ಇದ್ದೀನಲ್ಲಕ್ಕ."

ಅವಳು ನೋವಿನಲ್ಲೂ ನಕ್ಕಳು. ದಿನ ಕಳೆದಂತೆ ದೇಮಣ್ಣ ಸೊರಗಿದ, ಹೊನ್ನಕ್ಕ ಚೇತರಿಸಿಕೊಂಡಳು. ಅವಳು ಎದ್ದು ಓಡಾಡಿದ ದಿನ ಅವನಿಗೆ ಎಷ್ಟು ಖುಷಿಯಾಯಿತೆಂದರೆ, ತನ್ನ ಪಾಲಿನ ಗಂಜಿಯನ್ನು ಬಳಿದು ಉಂಡ.

ಹೊನ್ನಕ್ಕ ನೆಟ್ಟಗೆ ದೋಣಿಯ ಬಳಿಗೆ ಹೋದವಳು ಒಂದು ಗುಂಪನ್ನೇ ಕಟ್ಟಿಕೊಂಡು ಬಂದಳು.

"ಇವನ ಪುಡಿಯಿಂದಲೇ ಬದುಕಿದೆ. ತಡವಾಗಿ ಹಿಡೀತು, ಅಷ್ಟೇ."

"ನಮಗೂ ಕೊಡಿ ಪಂಡಿತರೇ," ಎಂದರು ಜನ. ದೇಮಣ್ಣನನ್ನು ಯಾರೂ ಅಲ್ಲಿಯವರೆಗೆ ಪಂಡಿತರೇ ಅಂದಿರಲಿಲ್ಲ. ಆ ಮಾತು ಅವನಿಗೆ ಬೆಲ್ಲದಷ್ಟು ಸಿಹಿಯಾಗಿತ್ತು.

ಗುರುಗಳ ಕಡೆ ನೋಡಿದ. ಅವರು ಬೇರು ಜಜ್ಜುತ್ತಾ ಕೂತಿದ್ದರು, ತಲೆಯೆತ್ತಲಿಲ್ಲ.

"ಅದು ಹುರಿದ ರಾಗಿಹಿಟ್ಟು," ಅಂದ ದೇಮಣ್ಣ. "ನಾನು ಸುಳ್ಳು ಹೇಳಿದೆ. ಅಕ್ಕನನ್ನ ಉಳಿಸಿದ್ದು ಗುರುಗಳ ಕಷಾಯ, ಉಪ್ಪಿಲ್ಲದ ಗಂಜಿ."

ಜನ ಮುಖ ಮುಖ ನೋಡಿಕೊಂಡರು.

"ಅದಕ್ಕೇ ರುಚಿಯಾಗಿತ್ತು," ಎಂದ ಒಬ್ಬ. ಎಲ್ಲರೂ ಗೊಳ್ಳೆಂದು ನಕ್ಕು ಹೊರಟರು. ಹೊನ್ನಕ್ಕನೂ "ಕಳ್ಳ" ಅಂತ ಅವನ ತಲೆಗೊಂದು ಮೊಟಕಿ, ನಗುತ್ತಲೇ ಮನೆಗೆ ಹೋದಳು.

ಅಂಗಳ ಬರಿದಾಯಿತು. ದೇಮಣ್ಣನಿಗೆ ಎದೆ ಹಗುರಾಗಿತ್ತು, ಮುಖ ಮಾತ್ರ ಸಪ್ಪಗಿತ್ತು.

"ಇನ್ನು ನನ್ನ ಹತ್ತಿರ ಯಾರು ಬರ್ತಾರೆ ಗುರುಗಳೇ?"

ಬೇಲಿಯ ಪಕ್ಕ ಒಬ್ಬ ಮುದುಕ ಮಾತ್ರ ಕದಲದೆ ಕೂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೆಮ್ಮಿ, ಸುಧಾರಿಸಿಕೊಂಡು, ದೇಮಣ್ಣನನ್ನು ಕರೆದ.

"ನನಗೆ ಏನು ಪಥ್ಯ, ಹೇಳು ಮಗಾ."

ಪಂಡಿತರು ಬೇರು ಕೆಳಗಿಟ್ಟು ನಕ್ಕರು.

"ಕೈ ತೊಳೆದುಕೊಂಡು ಹೋಗು. ನಿನ್ನ ಮೊದಲನೇ ರೋಗಿ ಕಾಯ್ತಿದ್ದಾರೆ."